ಹೆಸರಿನ ಕೊನೆಗೆ ‘(ರಿ.)’ ಇದ್ದರೆ ಸಾಕೇ? ಯುವ ಸಬಲೀಕರಣ ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಯುವ ಸಬಲೀಕರಣ ಮತ್ತು ಕ್ರೀಡಾ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು

(ಪ್ರತಿ: ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಿಗೆ. ಯುವಕ ಮಂಡಲದಂಥ ಯುವಜನ ಕೇಂದ್ರಗಳಿಗೆ ಒಂದು ನಿಯಮಾವಳಿ ಮಾಡಿ ಅನ್ನುವುದು ನನ್ನ ಕೋರಿಕೆ. ಇದು ಒಂದೇ ಇಲಾಖೆಯಿಂದ ಆಗುವ ಕೆಲಸವಲ್ಲ, ಅದಕ್ಕೆ.)

ಮಾನ್ಯರೇ, ನಮಸ್ಕಾರ.

ನಾನು ದಕ್ಷಿಣ ಕನ್ನಡದ ಒಂದು ಹಳ್ಳಿಯ ಯುವಕ ಮಂಡಲದಲ್ಲಿ 11 ವರ್ಷ ಕಾರ್ಯದರ್ಶಿಯಾಗಿದ್ದವನು. ಈಗ ನನಗೆ 47. ನಮ್ಮ 2014ರ ರಾಷ್ಟ್ರೀಯ ಯುವ ನೀತಿಯ ಪ್ರಕಾರ ಯುವಜನ ಅಂದರೆ 15ರಿಂದ 29 ವರ್ಷದವರು. ಆ ಲೆಕ್ಕ ಹಿಡಿದರೆ ನಮ್ಮ ಮಂಡಲದ ಈಗಿನ ಆಡಳಿತ ಮಂಡಳಿಯಲ್ಲಿ ಯುವಕರು ಇಬ್ಬರೇ ಇದ್ದಾರೆ. ಉಳಿದವರೆಲ್ಲ ನನ್ನ ಓರಗೆಯವರು. ಮಂಡಲಕ್ಕೆ ಮಾತ್ರ ವಯಸ್ಸಾಗುವುದಿಲ್ಲ, ಹೆಸರಲ್ಲಿ ಅದು ಯಾವಾಗಲೂ ಯುವಕ.

ನಮ್ಮ ಕಡೆ ಯಾವ ಊರಿಗೆ ಹೋದರೂ ರಸ್ತೆ ಬದಿಯಲ್ಲಿ ಒಂದು ಬೋರ್ಡ್ ಸಿಗುತ್ತದೆ. ಇಂಥ ಯುವಕ ಮಂಡಲ, ಅಂಥ ಫ್ರೆಂಡ್ಸ್ ಕ್ಲಬ್, ಗೆಳೆಯರ ಬಳಗ. ಹೆಸರಿನ ಕೊನೆಗೆ ಕಂಸದೊಳಗೆ ‘ರಿ’ ಅಂತ ಒಂದಕ್ಷರ, ಅಂದರೆ ರಿಜಿಸ್ಟರ್ಡ್, ನೋಂದಣಿ ಆದದ್ದು. ಆ ಒಂದಕ್ಷರಕ್ಕಾಗಿ ನಾವು ಎಷ್ಟು ಓಡಾಡಿದ್ದೆವು! 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ ಏಳು ಜನ ಬೇಕು, ಒಂದು ಬೈಲಾ, ಅಂದರೆ ಸಂಘದ ಒಳನಿಯಮಗಳು ಬೇಕು. ಏಳು ಜನ ಸುಲಭವಾಗಿ ಸಿಕ್ಕಿದರು. ಬೈಲಾ ಬರೆಯಲು ಯಾರಿಗೂ ಗೊತ್ತಿರಲಿಲ್ಲ. ಪಕ್ಕದ ಊರಿನ ಮಂಡಲದ್ದನ್ನು ತಂದು ಟೈಪ್ ಮಾಡಿಸಿದೆವು. ಅದರ ಒಂದು ಕಲಮಿನಲ್ಲಿ ಇವತ್ತಿಗೂ ಆ ಊರಿನ ಹೆಸರೇ ಇದೆ. ಯಾರೂ ಓದಿಲ್ಲ. ಓದುವ ಸಂದರ್ಭವೇ ಬಂದಿಲ್ಲ.

ಇದನ್ನು ತಮಾಷೆಗೆ ಹೇಳುತ್ತಿಲ್ಲ. ಆ ಕಾಯ್ದೆ ನಮ್ಮನ್ನು ಕೇಳುವುದು ಏನು? ವರ್ಷಕ್ಕೊಂದು ಮಹಾಸಭೆ ಆಯಿತಾ, ಪದಾಧಿಕಾರಿಗಳ ಪಟ್ಟಿ ಕೊಟ್ಟಿರಾ, ಲೆಕ್ಕಪತ್ರ ಕೊಟ್ಟಿರಾ, ಇಷ್ಟೇ. ಕೇಳಬೇಕಾದದ್ದೇ, ತಪ್ಪಲ್ಲ. ಆದರೆ ಬಾಗಿಲು ವಾರಕ್ಕೆ ಎಷ್ಟು ದಿನ ತೆರೆದಿರುತ್ತದೆ? ಒಳಗೆ ಬರುವವರು ಯಾರು, ಬರಲಾಗದವರು ಯಾರು? ಹದಿಮೂರು ವರ್ಷದ ಹುಡುಗ ರಾತ್ರಿ ಒಂಬತ್ತರವರೆಗೆ ಅಲ್ಲೇ ಇದ್ದರೆ ಅವನ ಮೇಲೆ ಕಣ್ಣಿಟ್ಟವರು ಯಾರು? ಇವನ್ನು ಯಾವ ಕಾಯ್ದೆಯೂ ಯಾವ ನಮೂನೆಯೂ ನಮ್ಮನ್ನು ಕೇಳಿಲ್ಲ. ಮಹಿಳಾ ಸಮಾಜ, ಭಜನಾ ಮಂಡಳಿ, ನಾಟಕ ತಂಡ, ಯುವಕ ಮಂಡಲ ಎಲ್ಲಕ್ಕೂ ಒಂದೇ ಕಾಯ್ದೆ. ಕಾಯ್ದೆಯ ಕಣ್ಣಿಗೆ ನಾವು ಒಂದು ‘ಸಂಘ’ ಮಾತ್ರ. ನಮ್ಮಲ್ಲಿ ಮಕ್ಕಳು ಬಂದು ಸೇರುತ್ತಾರೆ ಅನ್ನುವುದು ಅದಕ್ಕೆ ಕಾಣುವುದಿಲ್ಲ.

ನಾವು ಯಾರ ಕೈಕೆಳಗೆ ಬರುತ್ತೇವೆ ಅನ್ನುವುದು ನನಗೆ 11 ವರ್ಷದಲ್ಲಿ ಸರಿಯಾಗಿ ತಿಳಿಯಲಿಲ್ಲ. ನೋಂದಣಿ ಸಹಕಾರ ಇಲಾಖೆಯಲ್ಲಿ. ಕ್ರೀಡಾ ಸಾಮಗ್ರಿ, ಅನುದಾನ, ಯುವಜನೋತ್ಸವ ನಿಮ್ಮ ಇಲಾಖೆಯಲ್ಲಿ. ತರಬೇತಿ, ಶಿಬಿರಗಳಿಗೆ ಕೇಂದ್ರದ ನೆಹರು ಯುವ ಕೇಂದ್ರ. ಅದು 1972ರಲ್ಲಿ ಶುರುವಾದದ್ದು. 2023ರ ಅಕ್ಟೋಬರ್ 31ರಿಂದ ಯುವಜನರಿಗೆ ಅಂತ ಕೇಂದ್ರದ ‘ಮೇರಾ ಯುವ ಭಾರತ್’ ವೇದಿಕೆ ಬಂದ ಮೇಲೆ ಹುಡುಗರು ಮೊಬೈಲಿನಲ್ಲೇ ಹೆಸರು ಬರೆಸುತ್ತಾರೆ. ಜಾಗ ಪಂಚಾಯತಿನದ್ದು. ಕಟ್ಟಡ ಶಾಸಕರ ನಿಧಿಯದ್ದು. ಕರೆಂಟ್ ಬಿಲ್ ಮಾತ್ರ ನಮ್ಮ ಹೆಸರಿನಲ್ಲಿ ಬರುತ್ತದೆ. ಇಷ್ಟು ಜನ ತಂದೆಯರಿದ್ದೂ ಮಾಡು ಸೋರಿದಾಗ ಕೇಳಲು ಯಾರೂ ಇಲ್ಲ.

ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ. ಮೀನುಗಾರಿಕೆ ಇದೆ, ಗ್ರಂಥಾಲಯ ಇದೆ, ಸಾಂಸ್ಕೃತಿಕ ಚಟುವಟಿಕೆ ಇದೆ, ಮಹಿಳೆ ಮತ್ತು ಮಕ್ಕಳ ಅಭಿವೃದ್ಧಿ ಇದೆ. ಯುವಜನ ಅನ್ನುವ ಪದ ಹುಡುಕಿದೆ, ಸಿಗಲಿಲ್ಲ. ಕ್ರೀಡೆಯೂ ಇಲ್ಲ. ಕೊನೆಯ 29ನೆಯದು ‘ಸಮುದಾಯ ಆಸ್ತಿಗಳ ನಿರ್ವಹಣೆ’. ನಮ್ಮ ಕಟ್ಟಡ ಬಹುಶಃ ಅದರಲ್ಲಿ ಬರುತ್ತದೆ. ಕಟ್ಟಡಕ್ಕೆ ಜಾಗ ಸಿಕ್ಕಿತು, ಒಳಗಿನ ಹುಡುಗರಿಗೆ ಸಿಗಲಿಲ್ಲ.

ಈಗ ಬೀಗದ ಕೈ ವಿಷಯಕ್ಕೆ ಬರುತ್ತೇನೆ. ನನ್ನ ಅನುಭವದಲ್ಲಿ ಒಂದು ಯುವಕ ಮಂಡಲ ಜೀವಂತ ಇದೆಯೋ ಇಲ್ಲವೋ ಅಂತ ತಿಳಿಯಲು ಕಡತ ನೋಡಬೇಕಾಗಿಲ್ಲ. ಕೀ ಯಾರ ಹತ್ತಿರ ಇದೆ ಅಂತ ಕೇಳಿದರೆ ಸಾಕು. ನಾನಿದ್ದಾಗ ಕೀ ನನ್ನ ಜೇಬಿನಲ್ಲಿತ್ತು. ಅದು ಹೆಮ್ಮೆಯ ವಿಷಯ ಅಂದುಕೊಂಡಿದ್ದೆ. ಈಗ ನಾಚಿಕೆಯಾಗುತ್ತದೆ. ನಾನು ಮಂಗಳೂರಿಗೆ ಹೋದ ದಿನ ಮಂಡಲಕ್ಕೆ ರಜೆ! ನಂತರ ಬಂದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಚುನಾವಣೆ ಹತ್ತಿರ ಬಂದಾಗ ಒಳಗೆ ಒಂದು ಪಕ್ಷದ ಬ್ಯಾನರು, ಬಾವುಟ ತುಂಬಿಸಿಟ್ಟರು. ಕೇರಂ ಬೋರ್ಡು ಗೋಡೆಗೆ ಒರಗಿ ಮೂರು ತಿಂಗಳು ನಿಂತಿತ್ತು. ಹುಡುಗರು ಹೊರಗೆ ಜಗಲಿಯಲ್ಲಿ ಕೂತು ಮೊಬೈಲ್ ನೋಡುತ್ತಿದ್ದರು. ಪಕ್ಷ ಯಾವುದು ಅನ್ನುವುದು ಇಲ್ಲಿ ಮುಖ್ಯವಲ್ಲ. ಇನ್ನೊಂದು ಪಕ್ಷದ ಕೈಗೆ ಕೀ ಸಿಕ್ಕಿದ್ದರೆ ಅವರೂ ಅದನ್ನೇ ಮಾಡುತ್ತಿದ್ದರು.

ಇನ್ನೊಂದು ಘಟನೆ ಹೇಳಲೇಬೇಕು. ನಾನು ಕಾರ್ಯದರ್ಶಿಯಾಗಿದ್ದಾಗ ನಡೆದದ್ದು. ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾಟ ಇಟ್ಟಿದ್ದೆವು. ಸಂಜೆ ಸಣ್ಣ ಮಳೆ ಬಂದು ನಿಂತಿತ್ತು. ಲೈಟಿಗೆ ಕಬ್ಬಿಣದ ಕಂಬ, ವಯರಿಗೆ ಎರಡು ಕಡೆ ಜಾಯಿಂಟು, ಅದಕ್ಕೆ ಟೇಪು. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ ಚೆಂಡು ಹೆಕ್ಕಲು ಓಡಿ ಕಂಬ ಹಿಡಿದ. ಯಾರೋ ಒಬ್ಬರು ಮೈನ್ ಸ್ವಿಚ್ ಹಾರಿಸಿದ್ದಕ್ಕೆ ಅವನು ಉಳಿದ. ಕೈ ಸುಟ್ಟಿತ್ತು. ಆ ರಾತ್ರಿ ಅವನನ್ನು ಜೀಪಿನಲ್ಲಿ ಕರೆದುಕೊಂಡು ಹೋದೆವು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಲಿಲ್ಲ, ವಿಮೆ ಇರಲಿಲ್ಲ, ಅವನ ಮನೆಯ ಫೋನ್ ನಂಬರ್ ಕೂಡ ಬರೆದಿಟ್ಟಿರಲಿಲ್ಲ. ಆಸ್ಪತ್ರೆ ಖರ್ಚಿಗೆ ರಶೀದಿ ಪುಸ್ತಕ ಹಿಡಿದು ಮನೆಮನೆಗೆ ಹೋದೆವು. ದೂರು ಯಾರೂ ಕೊಡಲಿಲ್ಲ. ಊರಿನವರೇ ಅಲ್ವಾ. ಅವನ ಅಪ್ಪ ನನ್ನ ಭುಜ ಮುಟ್ಟಿ, “ಬಿಡಿ ಮಾರಾಯ್ರೇ, ಹುಡುಗ ಉಳಿದ” ಅಂದರು. ಆ ಮಾತು ನನಗೆ ಇವತ್ತಿಗೂ ಹಗುರ ಅನ್ನಿಸಿಲ್ಲ. ತಪ್ಪು ನಮ್ಮದೇ. ಆದರೆ ಪಂದ್ಯಾಟಕ್ಕೆ ಮುಂಚೆ ವಯರಿಂಗ್ ನೋಡಿಸಬೇಕು ಅಂತ ನಮಗೆ ಹೇಳಬೇಕಾದವರು ಯಾರು ಅಂತ ಕೇಳಿದರೆ ಇವತ್ತಿಗೂ ಉತ್ತರ ಇಲ್ಲ.

ಆ ಹುಡುಗ ನಮ್ಮ ಮಂಡಲದ ಸದಸ್ಯನೂ ಆಗಿರಲಿಲ್ಲ. ನಮ್ಮ ಬೈಲಾದಲ್ಲಿ ಸದಸ್ಯತ್ವಕ್ಕೆ 18 ತುಂಬಿರಬೇಕು. ದಿನಾ ಬರುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಹೈಸ್ಕೂಲು, ಪಿಯುಸಿ ಮಕ್ಕಳು. ಅಂದರೆ ಜಾಗವನ್ನು ಜಾಸ್ತಿ ಬಳಸುವವರ ಹೆಸರು ಒಂದು ಪುಸ್ತಕದಲ್ಲೂ ಇಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಸಂಸ್ಥೆಗಳನ್ನು ನಡೆಸುವವರ ಮೇಲೆ ದೊಡ್ಡ ಹೊಣೆ ಹಾಕುತ್ತದೆ. ತನ್ನ ಕೈಕೆಳಗಿನವನು ಮಗುವಿನ ಮೇಲೆ ಇಂಥ ದೌರ್ಜನ್ಯ ಮಾಡಿದ್ದು ಗೊತ್ತಿದ್ದೂ ಸಂಸ್ಥೆಯ ಮುಖ್ಯಸ್ಥ ಪೊಲೀಸರಿಗೆ ತಿಳಿಸದಿದ್ದರೆ ಒಂದು ವರ್ಷದವರೆಗೆ ಜೈಲು. ನಮ್ಮ ತಾಲೂಕಿನ ಎಷ್ಟು ಮಂಡಲಗಳ ಅಧ್ಯಕ್ಷರಿಗೆ ಇದು ಗೊತ್ತು? ನನಗೆ ಗೊತ್ತಿರಲಿಲ್ಲ. ಶಾಲೆಯ ಗೋಡೆಯಲ್ಲಿ 1098 ಮಕ್ಕಳ ಸಹಾಯವಾಣಿಯ ನಂಬರ್ ಇರುತ್ತದೆ. ನಮ್ಮ ಗೋಡೆಯಲ್ಲಿ ಟ್ರೋಫಿ ಹಿಡಿದ ಫೋಟೋಗಳಿದ್ದವು.

ಇದೇ ಗೋಡೆಯ ಇನ್ನೊಂದು ಬದಿಗೆ ಬನ್ನಿ, ಅಲ್ಲಿ ಪಂಚಾಯತ್ ಗ್ರಂಥಾಲಯ ಇದೆ. ಅದರ ಹಿಂದೆ 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಇದೆ. ಮನೆ ತೆರಿಗೆ ರಶೀದಿ ನೋಡಿದರೆ ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತದೆ. 2019ರಲ್ಲಿ ಹಳ್ಳಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು, ಆಮೇಲೆ ‘ಅರಿವು ಕೇಂದ್ರ’ ಅಂತ ಹೆಸರಾಯಿತು. 2020ರಲ್ಲಿ ಮಕ್ಕಳ ಓದಿಗೆ ಅಂತ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದಾಗ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ನನ್ನ ಮಗಳಿಗೂ ಒಂದು ಕಾರ್ಡ್ ಸಿಕ್ಕಿತು. ಆ ಕಾರ್ಡ್ ಹಿಡಿದುಕೊಂಡು ಅವಳು ಗ್ರಂಥಾಲಯಕ್ಕೆ ಹೋಗುವ ಗತ್ತು ನೋಡಬೇಕಿತ್ತು. ಒಂದು ಗೋಡೆಯ ಈಚೆ ಹತ್ತು ವರ್ಷದ ಹುಡುಗಿ ಸದಸ್ಯೆ. ಗೋಡೆಯ ಆಚೆ ಹದಿನೇಳರ ಹುಡುಗ ಸುಮ್ನೆ ಬಂದು ಹೋಗುವವನು. ಮನಸ್ಸು ಮಾಡಿದರೆ ಆಗುತ್ತದೆ ಅನ್ನಲು ಬೇರೆ ರಾಜ್ಯದ ಸಾಕ್ಷಿ ಬೇಡ, ನಮ್ಮಲ್ಲೇ ಇದೆ.

ಹುಡುಗಿಯರ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಊರಿನಲ್ಲಿ ಯುವತಿ ಮಂಡಲವೂ ಇದೆ. ಇದೆ ಅಂದರೆ ಕಾಗದದಲ್ಲಿ ಇದೆ. ಅದರ ಪದಾಧಿಕಾರಿಗಳು ನಮ್ಮ ಪದಾಧಿಕಾರಿಗಳ ಅಕ್ಕ ತಂಗಿಯರು, ಹೆಂಡತಿಯರು. ಯಾವುದೋ ಯೋಜನೆಗೆ ಬೇಕು ಅಂತ ಮಾಡಿದ್ದು. ಒಂದು ವರ್ಷ ನಾಲ್ಕಾರು ಹುಡುಗಿಯರು ತ್ರೋಬಾಲ್ ಆಡುತ್ತೇವೆ ಅಂತ ಬಂದರು. ಚೆನ್ನಾಗಿಯೇ ಆಡುತ್ತಿದ್ದರು. ಎರಡು ತಿಂಗಳಲ್ಲಿ ನಿಂತರು. ನಾವೆಲ್ಲ, ಮನೆಯಲ್ಲಿ ಬಿಡುವುದಿಲ್ಲವೇನೋ ಅಂದುಕೊಂಡೆವು. ಕೇಳಿದಾಗ ಒಬ್ಬಳು ನೇರವಾಗಿ ಹೇಳಿದಳು: “ಅಣ್ಣ, ಶೌಚಾಲಯ ಇಲ್ಲ. ಇನ್ನು ಐದೂವರೆ ಆದ ಕೂಡಲೇ ನಿಮ್ಮವರು ಬಂದು ನೆಟ್ ಬಿಚ್ಚಿ ವಾಲಿಬಾಲಿಗೆ ಎತ್ತರ ಮಾಡುತ್ತಾರೆ.” ನಾವು ಎಷ್ಟೋ ಭಾಷಣ ಮಾಡಿಸಿದ್ದೆವು ಸ್ತ್ರೀ ಸಬಲೀಕರಣದ ಮೇಲೆ. ನೆಟ್ಟಿನ ಎತ್ತರ ಮತ್ತು ಹೊತ್ತಿನ ಹಂಚಿಕೆ ಯಾರ ತಲೆಗೂ ಹೋಗಿರಲಿಲ್ಲ.

ನಿಯಮ ಅಂದಕೂಡಲೇ ನಮ್ಮ ಹಿರಿಯರು ಹೇಳುವುದುಂಟು, ಹಿಂದೆ ಗರಡಿ ಮನೆಗಳಿಗೆ ಯಾವ ಕಾಯ್ದೆ ಇತ್ತು ಅಂತ. ಮಾತು ನಿಜ. ಮೈಸೂರಿನ ಗರಡಿಗಳಿಗೆ, ಉತ್ತರ ಕರ್ನಾಟಕದ ತಾಲೀಮುಗಳಿಗೆ ಸರ್ಕಾರದ ಸುತ್ತೋಲೆ ಬೇಕಿರಲಿಲ್ಲ. ಆದರೆ ಅಲ್ಲಿ ನಿಯಮ ಇರಲಿಲ್ಲ ಅಂತ ಅಲ್ಲ. ಉಸ್ತಾದ್ ಇದ್ದರು. ಚಪ್ಪಲಿ ಹೊರಗೆ ಬಿಡಬೇಕು, ಮಣ್ಣು ಮುಟ್ಟಿ ನಮಸ್ಕಾರ ಮಾಡಬೇಕು, ಸಣ್ಣ ಹುಡುಗನನ್ನು ಯಾರ ಜೊತೆ ಇಳಿಸಬೇಕು ಅನ್ನುವುದು ಉಸ್ತಾದರಿಗೆ ಗೊತ್ತಿತ್ತು. ಹುಡುಗನ ಹೊಣೆ ಒಬ್ಬರ ಮೇಲೆ ಇತ್ತು, ಅವರು ಯಾರು ಅಂತ ಊರಿಗೆಲ್ಲ ಗೊತ್ತಿತ್ತು. (ಹುಡುಗಿಯರಿಗೆ ಒಳಗೆ ಜಾಗ ಇರಲಿಲ್ಲ ಅನ್ನುವುದನ್ನೂ ಮರೆಯಬಾರದು.) ನಾವು ಉಸ್ತಾದರನ್ನು ಬಿಟ್ಟೆವು, ಅವರ ಜಾಗಕ್ಕೆ ಅಧ್ಯಕ್ಷ, ಉಪಾಧ್ಯಕ್ಷ, ಗೌರವಾಧ್ಯಕ್ಷರನ್ನು ತಂದೆವು. ಆಮಂತ್ರಣ ಪತ್ರಿಕೆಯಲ್ಲಿ ಹೆಸರು ಜಾಸ್ತಿಯಾದವು, ಹೊಣೆ ಹೊರುವವರು ಕಡಿಮೆಯಾದರು.

ಹಾಗಾಗಿ ನನ್ನ ಕೋರಿಕೆ ಇದು. ಪಂಚಾಯತ್ ರಾಜ್ ಕಾಯ್ದೆಯಡಿ ನಿಯಮ ಮಾಡುವ ಅಧಿಕಾರ ಸರ್ಕಾರಕ್ಕಿದೆ. ನಿಮ್ಮ ಎರಡೂ ಇಲಾಖೆ ಕೂತು, ಸಾರ್ವಜನಿಕ ಜಾಗದಲ್ಲೋ ಸಾರ್ವಜನಿಕ ಹಣದಲ್ಲೋ ನಡೆಯುವ ಯುವಜನ ಕೇಂದ್ರಗಳಿಗೆ ಒಂದು ನಿಯಮಾವಳಿ ಮಾಡಿ. ನಾಲ್ಕು ಪುಟ ಮೀರಬಾರದು. ಮೊದಲ ಸಾಲಿನಲ್ಲೇ ‘ಯುವಜನ ಕೇಂದ್ರ’ ಅಂದರೆ ಏನು ಅಂತ ಬರೆಯಿರಿ. ಇವತ್ತಿನವರೆಗೆ ನಮಗೆ ಬೋರ್ಡ್ ಇದೆ, ಅರ್ಥ ಇಲ್ಲ. ಆಮೇಲೆ ಪಂಚಾಯತಿಗೂ ಮಂಡಲಕ್ಕೂ ಒಂದು ಕರಾರು ಆಗಲಿ. ಜಾಗ ಎಷ್ಟು ವರ್ಷಕ್ಕೆ, ರಿಪೇರಿ ಯಾರದು, ಕೀ ಎಷ್ಟು ಮತ್ತು ಯಾರ ಹತ್ತಿರ. ಕನಿಷ್ಠ ಎರಡು ಕೀ ಇರಲಿ, ಒಂದು ಮೂವತ್ತು ದಾಟದವರ ಕೈಯಲ್ಲಿರಲಿ. ಚುನಾವಣೆಯ ಸಾಮಾನು, ಯಾವುದೇ ಪಕ್ಷದ, ಜಾತಿಯ, ಧರ್ಮದ ಸಂಘಟನೆಯ ಬ್ಯಾನರು ಒಳಗೆ ಇಡಬಾರದು ಅಂತ ನೇರವಾಗಿ ಬರೆಯಿರಿ. ಸುತ್ತಿ ಬಳಸಿ ಬರೆದರೆ ನಮ್ಮೂರಿನವರು ದಾರಿ ಹುಡುಕುತ್ತಾರೆ.

ಸುರಕ್ಷತೆಯಲ್ಲಿ ಮಾತ್ರ ರಾಜಿ ಬೇಡ. 18 ತುಂಬದ ಮಕ್ಕಳು ಬರುವ ಕಡೆ ಅವರ ಹೆಸರು, ಮನೆಯವರ ನಂಬರ್ ಇರುವ ಪುಸ್ತಕ ಬೇಕು. ಹೊಣೆ ಹೊತ್ತ ಇಬ್ಬರ ಹೆಸರು ಬಾಗಿಲಲ್ಲಿ ಇರಬೇಕು, ಅವರಲ್ಲಿ ಒಬ್ಬರು ಹೆಣ್ಣುಮಗಳಾದರೆ ಒಳ್ಳೆಯದು. ಅವರು ಹಿಂದೆ ಮಕ್ಕಳ ಮೇಲಿನ ಅಪರಾಧದಲ್ಲಿ ಸಿಕ್ಕಿಬಿದ್ದವರಲ್ಲ ಅಂತ ಪೊಲೀಸರಿಂದ ಒಂದು ಚೀಟಿ ಬರಲಿ. ಜರ್ಮನಿಯಲ್ಲಿ ಮಕ್ಕಳ ಮತ್ತು ಯುವಜನರ ಕೆಲಸಕ್ಕೆ ಇಂಥ ಪ್ರಮಾಣಪತ್ರವನ್ನು ಕಾನೂನಿನಲ್ಲೇ ಇಟ್ಟಿದ್ದಾರೆ. ಇಲ್ಲಿ ಪಾಸ್‌ಪೋರ್ಟಿಗೆ ಠಾಣೆಯಿಂದ ವಿಚಾರಣೆ ಆಗುತ್ತದೆ, ಇದಕ್ಕೆ ಯಾಕೆ ಆಗಬಾರದು? ಪಂದ್ಯಾಟಕ್ಕೆ ಮುಂಚೆ ವಯರಿಂಗ್ ಪರೀಕ್ಷೆ ಕಡ್ಡಾಯವಾಗಲಿ. ರ‍್ಯಾಂಪ್ ಕಟ್ಟುವುದಾದರೆ ಲೆಕ್ಕ ಪ್ರಕಾರ ಕಟ್ಟಲಿ, ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ. ನಮ್ಮ ಕಟ್ಟಡದ ರ‍್ಯಾಂಪಿನಲ್ಲಿ ಗಾಲಿಕುರ್ಚಿ ಬಿಡಿ, ಸೈಕಲ್ ಹತ್ತಿಸಲೂ ಎರಡು ಜನ ಬೇಕು.

ಇನ್ನು ಗುಣಮಟ್ಟ. ಇಲ್ಲಿ ನನಗೆ ನಿಜಕ್ಕೂ ಹೆದರಿಕೆ ಇದೆ. ಗುಣಮಟ್ಟ ಅಂತ ಶುರುವಾಗಿ ನಲವತ್ತು ಕಲಮಿನ ನಮೂನೆ, ಜಿಪಿಎಸ್ ಫೋಟೋ, ಪೋರ್ಟಲ್, ಪಾಸ್‌ವರ್ಡ್ ಅಂತ ಮುಗಿದರೆ, ಇರುವ ಮಂಡಲಗಳೂ ಬಾಗಿಲು ಹಾಕುತ್ತವೆ. ಹಗಲು ಗಾರೆ ಕೆಲಸ, ರಿಕ್ಷಾ, ಅಡಿಕೆ ಸುಲಿಯುವುದು ಮಾಡಿ ಸಂಜೆ ಬಂದು ಕೀ ತೆಗೆಯುವವರು ನಾವು. ನಮಗೆ ಸಂಬಳ ಇಲ್ಲ.

ಈ ಕಷ್ಟ ಐರ್ಲೆಂಡಿನವರಿಗೂ ಬಂದಿತ್ತು. ಅಲ್ಲಿ 2001ರಲ್ಲೇ ಯುವಜನ ಕಾರ್ಯದ ಕಾಯ್ದೆ ಬಂತು. 2010ರಲ್ಲಿ ಸಂಬಳದ ಸಿಬ್ಬಂದಿ ಇರುವ ಸಂಸ್ಥೆಗಳಿಗೆ ಅಂತ ಗುಣಮಟ್ಟದ ಚೌಕಟ್ಟು ಮಾಡಿದರು, ಅದರಲ್ಲಿ ಹತ್ತು ಮಾನದಂಡಗಳು. ಊರಿನವರೇ ಸ್ವಯಂಸೇವೆಯಿಂದ ನಡೆಸುವ ಗುಂಪುಗಳಿಗೆ ಅದು ಭಾರವಾಗುತ್ತದೆ ಅಂತ 2013ರಲ್ಲಿ ಬೇರೆಯೇ ಒಂದನ್ನು ಮಾಡಿದರು. ಅದರ ಬುಡದಲ್ಲಿ ಮೂರೇ ತತ್ವ. ಎಲ್ಲವೂ ಯುವಜನರನ್ನು ಮಧ್ಯದಲ್ಲಿಟ್ಟು ನಡೆಯಬೇಕು, ಅವರು ಸುರಕ್ಷಿತವಾಗಿರಬೇಕು, ಅವರು ಏನಾದರೂ ಕಲಿತು ಬೆಳೆಯಬೇಕು. ಜಿಲ್ಲಾ ಕ್ರೀಡಾಂಗಣದ ಪಕ್ಕದ ಸರ್ಕಾರಿ ಯುವ ಭವನಕ್ಕೂ ನಮ್ಮ ಮೂರು ಸೆಂಟ್ಸ್ ಜಾಗದ ಕೋಣೆಗೂ ಒಂದೇ ಅಳತೆಗೋಲು ಹಿಡಿಯಬೇಡಿ ಅನ್ನುವುದಕ್ಕೆ ಇದನ್ನು ಹೇಳಿದೆ.

ಅಷ್ಟು ದೂರ ಯಾಕೆ? ತಲಪಾಡಿ ದಾಟಿದರೆ ಕಾಸರಗೋಡು. ಅಲ್ಲಿ ನಮ್ಮ ನೆಂಟರಿದ್ದಾರೆ, ಕನ್ನಡ ಪುಸ್ತಕ ಇರುವ ಗ್ರಂಥಾಲಯಗಳೂ ಇವೆ. ಕೇರಳದಲ್ಲಿ ಊರಿನವರೇ ಕಟ್ಟಿ ನಡೆಸುವ ಗ್ರಂಥಾಲಯಗಳಿಗೆ 1989ರ ಕಾಯ್ದೆಯ ಬೆನ್ನೆಲುಬು ಇದೆ. ರಾಜ್ಯದ ಗ್ರಂಥಾಲಯ ಕೌನ್ಸಿಲ್ ಅವುಗಳಿಗೆ ಎ ಪ್ಲಸ್, ಎ, ಬಿ ಹೀಗೆ ಎಫ್‌ವರೆಗೆ ದರ್ಜೆ ಕೊಡುತ್ತದೆ, ಅನುದಾನ ದರ್ಜೆಯ ಪ್ರಕಾರ. ಹಲವು ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಬಾಲವೇದಿ, ಹೆಂಗಸರಿಗೆ ವನಿತಾವೇದಿ, ಯುವಕರಿಗೆ ಯುವಜನವೇದಿ ಇವೆ. ನನಗೆ ಇದರಲ್ಲಿ ಹಿಡಿಸಿದ್ದು ಒಂದು. ಸಣ್ಣದನ್ನು ಮುಚ್ಚಿಸುವುದಿಲ್ಲ. ಎಫ್ ಆದರೂ ಅದು ಪಟ್ಟಿಯಲ್ಲಿ ಇರುತ್ತದೆ, ಮೇಲಿನ ಮೆಟ್ಟಿಲು ಯಾವುದು ಅಂತ ಅದಕ್ಕೆ ಗೊತ್ತಿರುತ್ತದೆ. ನಮ್ಮಲ್ಲಿ ಒಂದೋ ಅನುದಾನ ಸಿಗುತ್ತದೆ, ಇಲ್ಲವೇ ಇಲ್ಲ. ಯಾಕೆ ಸಿಕ್ಕಿತು, ಯಾಕೆ ಸಿಗಲಿಲ್ಲ ಅನ್ನುವುದು ದೇವರಿಗೂ ಶಾಸಕರ ಆಪ್ತ ಸಹಾಯಕರಿಗೂ ಮಾತ್ರ ಗೊತ್ತು.

ದರ್ಜೆ ಕೊಡುವುದಾದರೆ ಟ್ರೋಫಿ ಎಣಿಸಬೇಡಿ. ವಾರಕ್ಕೆ ಎಷ್ಟು ಗಂಟೆ ಬಾಗಿಲು ತೆರೆದಿತ್ತು, ಅದನ್ನು ಎಣಿಸಿ. ಹುಡುಗಿಯರಿಗೆ ಗೊತ್ತುಪಡಿಸಿದ ಹೊತ್ತು ಇದೆಯಾ, ಶೌಚಾಲಯದ ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯಾ, ಆಡಳಿತ ಮಂಡಳಿಯಲ್ಲಿ ನಿಜವಾದ ಯುವಜನ ಎಷ್ಟು, ಎಲ್ಲ ಕೇರಿಯ ಮಕ್ಕಳೂ ಬರುತ್ತಾರಾ, ಇವನ್ನು ನೋಡಿ. ಕೊನೆಯದು ಕಾಗದದಲ್ಲಿ ಸಿಗುವುದಿಲ್ಲ. ಒಂದು ಸಂಜೆ ಬಂದು ಜಗಲಿಯಲ್ಲಿ ಕೂತರೆ ಗೊತ್ತಾಗುತ್ತದೆ. ಹಾಗಾಗಿ ದರ್ಜೆ ಕೊಡುವವರಲ್ಲಿ ಅಧಿಕಾರಿ ಒಬ್ಬರು ಸಾಕು. ಉಳಿದವರು ಪಕ್ಕದ ಪಂಚಾಯತಿನ ಯುವಕ ಯುವತಿಯರಾಗಿರಲಿ. ಒಂದು ಮಂಡಲದವರು ಇನ್ನೊಂದು ಮಂಡಲಕ್ಕೆ ಸುಮ್ಮನೆ ಮಾರ್ಕ್ಸ್ ಕೊಡುವುದಿಲ್ಲ, ನನ್ನ ಮಾತು ನಂಬಿ. ಅದಕ್ಕೂ ಮುಂಚೆ, ಮಕ್ಕಳ ಗ್ರಾಮ ಸಭೆಯಲ್ಲಿ ಈ ಒಂದು ಪ್ರಶ್ನೆ ಇಡಿಸಿ: ಯುವಕ ಮಂಡಲಕ್ಕೆ ಹೋಗುತ್ತೀರಾ, ಹೋಗದಿದ್ದರೆ ಯಾಕೆ?

ಹಣದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಹೊಸ ಕರ ಹಾಕಿ ಅಂತ ನಾನು ಕೇಳುತ್ತಿಲ್ಲ, ಊರಿಗೆ ಮರಳಿ ಹೋಗಬೇಕಲ್ಲ. ಹೊಸ ಕಟ್ಟಡವೂ ಬೇಡ. ಅರ್ಧ ಕಟ್ಟಿ ಬಿಟ್ಟ ಸಮುದಾಯ ಭವನ, ಬೀಗ ಹಾಕಿದ ರಂಗಮಂದಿರ, ಮಕ್ಕಳಿಲ್ಲದೆ ಮುಚ್ಚಿದ ಶಾಲೆಯ ಕೋಣೆ ಬೇಕಾದಷ್ಟು ಇವೆ. ವಿಮೆ, ಕರೆಂಟು, ಒಬ್ಬ ಅರೆಕಾಲಿಕ ಮೇಲ್ವಿಚಾರಕರ ಗೌರವಧನ, ಇಷ್ಟು ಬಂದರೆ ಉಳಿದದ್ದನ್ನು ನಾವು ಶ್ರಮದಾನದಲ್ಲಿ ಮಾಡಿಕೊಳ್ಳುತ್ತೇವೆ. ಹಿಂದಿನಿಂದಲೂ ಮಾಡಿದ್ದೇವೆ.

2024ರ ಜನವರಿ 12ರಂದು, ರಾಷ್ಟ್ರೀಯ ಯುವ ದಿನದಂದು, ಶಿವಮೊಗ್ಗದಲ್ಲಿ ಯುವನಿಧಿ ಶುರು ಮಾಡಿದಿರಿ. ಓದು ಮುಗಿಸಿ ಕೆಲಸ ಹುಡುಕುವವರಿಗೆ ಅದು ಆಸರೆ, ಸಂತೋಷ. ಓದು ಮುಗಿಯದವರು, ಅರ್ಧಕ್ಕೆ ಬಿಟ್ಟವರು ಸಂಜೆ ಆರಕ್ಕೆ ಎಲ್ಲಿಗೆ ಹೋಗಬೇಕು ಅನ್ನುವುದಕ್ಕೂ ಮುಂದಿನ ಜನವರಿ 12ರೊಳಗೆ ಒಂದು ಕರಡು ಬರಲಿ. ಕನ್ನಡದಲ್ಲಿ ಬರಲಿ, ಪಂಚಾಯತ್ ಬೋರ್ಡಿನಲ್ಲಿ ಅಂಟಿಸಲಿ, ತಪ್ಪು ಹೇಳಲು ಎರಡು ತಿಂಗಳು ಸಮಯ ಕೊಡಲಿ. ನಮ್ಮ ಹುಡುಗರು ತಪ್ಪು ಹುಡುಕುವುದರಲ್ಲಿ ಗಟ್ಟಿಗರು.

ಕರಡು ಬರೆಯುವ ಮೊದಲು ನಿಮ್ಮ ಅಧಿಕಾರಿಗಳು ಯಾರಾದರೂ ನಮ್ಮ ಮಂಡಲ ನೋಡಲು ಬರುವುದಾದರೆ ಮುಂಚೆ ತಿಳಿಸಬೇಡಿ. ತಿಳಿಸಿದರೆ ಹೂಮಾಲೆ, ಧ್ವನಿವರ್ಧಕ ತಂದುಬಿಡುತ್ತಾರೆ. ಸಂಜೆ ಐದರ ಬಸ್ಸಿನಲ್ಲಿ ಬನ್ನಿ. ಕಳೆದ ತಿಂಗಳಿಂದ ಒಂದು ಕೀಯನ್ನು ಎದುರಿನ ಅಂಗಡಿಯಲ್ಲಿ ಇಡಲು ಹುಡುಗರು ಒಪ್ಪಿಸಿದ್ದಾರೆ. ಅಂಗಡಿಯ ಅಕ್ಕನನ್ನು ಕೇಳಿ, ಕೊಡುತ್ತಾರೆ.

ಇತಿ,
ಯುವಕ ಮಂಡಲವೊಂದರ ಮಾಜಿ ಕಾರ್ಯದರ್ಶಿ
ದಕ್ಷಿಣ ಕನ್ನಡ